ಕಿವಿಗೆ ತೊಡಿಸಿದ ಖಣ

ಮೂರು ವರ್ಷದ ಹಿಂದೆ ನಾನು ಬೆಂಗಳೂರಿನ ಒಂದು ಹೆಡ್‌ಫೋನ್ ಕಂಪನಿಯಲ್ಲಿ ಸೀನಿಯರ್ ಅಕೌಸ್ಟಿಕ್ ಎಂಜಿನಿಯರ್ ಆಗಿದ್ದೆ. ಹೆಡ್‌ಫೋನಿನ ಒಳಗೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರಿಗೆ ನಾವು ಡ್ರೈವರ್ ಎನ್ನುತ್ತೇವೆ. ಅದರಿಂದ ತಬಲಾ ತಬಲಾದಂತೆ, ಮನುಷ್ಯನ ದನಿ ಮನುಷ್ಯನ ದನಿಯಂತೆ ಹೊರಡುವ ಹಾಗೆ ಹದ ಮಾಡುವುದು ನನ್ನ ಕೆಲಸ. ಹೊರಗಿನ ಚೆಂದ ಡಿಸೈನ್ ವಿಭಾಗಕ್ಕೆ ಸೇರಿದ್ದು. ಬಹಳ ಕಾಲ ಆ ವಿಭಾಗದ ಬಾಗಿಲನ್ನೂ ನಾನು ತಟ್ಟಿರಲಿಲ್ಲ.

ಆ ವರ್ಷ ಕಂಪನಿ ಫ್ಯಾಷನ್ ಹೆಡ್‌ಫೋನ್ ಮಾಡಲು ಹೊರಟಿತು. ಡ್ರೈವರ್ ಒಂದೇ, ಹೊದಿಕೆ ಎರಡು. ಒಂದು ಕಪ್ಪು ರೆಕ್ಸಿನ್. ಇನ್ನೊಂದಕ್ಕೆ ತಲೆಯ ಪಟ್ಟಿಯಿಂದ ಹಿಡಿದು ಕಿವಿಯ ಸುತ್ತ ಕೂರುವ ಪ್ಯಾಡಿನ ಅಂಚಿನ ತನಕ ಕೆಂಪು ಖಣದ ಬಟ್ಟೆ. ಈ ಎರಡನೆಯದನ್ನು ಮಾಡಿದವಳು ಬನಹಟ್ಟಿಯ ನೇಕಾರರ ಮನೆಯ ಹುಡುಗಿ ಸುಧಾ, ನಮ್ಮ ಡಿಸೈನರ್. ಖಣ ನೇಯ್ದವರು ಅವಳ ಅಪ್ಪ. ಪವರ್‌ಲೂಮ್‌ನಲ್ಲಿ ಕೂಲಿಗೆ ನೇಯುವುದನ್ನು ಬಿಟ್ಟು, ಇದಕ್ಕಾಗಿಯೇ ಅಟ್ಟದ ಮೇಲಿದ್ದ ಕೈಮಗ್ಗವನ್ನು ಮತ್ತೆ ಇಳಿಸಿ ಜೋಡಿಸಿದ್ದರು. ಸದ್ದಿನ ರುಚಿ ಬಲ್ಲವರು ಒಪ್ಪಿದರೆ ಬಟ್ಟೆಯ ಆರ್ಡರ್ ಆ ಮನೆಗೆ, ಇಲ್ಲವಾದರೆ ಕಪ್ಪು ಮಾತ್ರ ಎಂದು ಕಂಪನಿ ಹೇಳಿತ್ತು. ನಾನು ಜಮಖಂಡಿಯವನಾದ್ದರಿಂದ ಆ ಬಲ್ಲವರನ್ನು ಹುಡುಕುವ ಕೆಲಸ ನನಗೆ ಬಂತು.

ಬಲ್ಲವರಿಗೆ ನಮ್ಮ ಕಡೆ ಕೊರತೆಯಿಲ್ಲ. ಜಮಖಂಡಿ, ಮುಧೋಳ, ಬನಹಟ್ಟಿಯ ಹಲವರು ಭಾನುವಾರ ಸೇರಿ ಆಂಪ್ಲಿಫೈಯರ್ ಬಿಚ್ಚಿ ಜೋಡಿಸುತ್ತಾರೆ, ಒಂದು ಕೇಬಲ್ ಬಗ್ಗೆ ಮಧ್ಯಾಹ್ನದ ತನಕ ಜಗಳಾಡುತ್ತಾರೆ. ಅವರ ಹಿರಿಯ ಶಿವಪ್ಪ ಕಾಕಾ, ಬನಹಟ್ಟಿಯ ಅರಿವೆ ವ್ಯಾಪಾರಿ. ಗಾಜಿನ ವಾಲ್ವ್ ಹಾಕಿ ತಾವೇ ಕಟ್ಟಿದ ಆಂಪ್ಲಿಫೈಯರ್ ಅವರ ಮನೆಯಲ್ಲಿದೆ. ಅವರು ಹೂಂ ಎಂದರೆ ಉಳಿದವರೂ ಹೂಂ. ಅವರಿಗೆ ಎದುರಾಡುವವನು ಇರ್ಫಾನ್ ಒಬ್ಬನೇ. ಮುಧೋಳದಲ್ಲಿ ಮದುವೆಗಳಿಗೆ ಸೌಂಡ್ ಸಿಸ್ಟಮ್ ಹಾಕುವವನು.

ಎರಡೂ ಹೆಡ್‌ಫೋನಿನ ಫೋಟೋವನ್ನು ಅವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಡ್ರೈವರ್ ಯಾವುದು ಎಂದು ಒಬ್ಬರಾದರೂ ಕೇಳಬೇಕಲ್ಲ? ಕೇಳಲಿಲ್ಲ. ಖಣವೆಂದರೆ ನಮ್ಮಲ್ಲಿ ಕುಬಸದ, ಅಂದರೆ ರವಿಕೆಯ ಬಟ್ಟೆ, ಮುತ್ತೈದೆಯ ಉಡಿಗೆ ಹಾಕುವ ಬಟ್ಟೆ. ಗಂಡಸಿನ ತಲೆಗೆ ಅದು ಏರಿದರೆ ನಗದಿರುತ್ತಾರೆಯೆ? ಕಿವಿಗೆ ಕುಬಸ ತೊಡಿಸಿದ್ದಾರೆ ಎಂದು ಒಬ್ಬ ಬರೆದ. ಇರ್ಫಾನ್ ದನಿಯನ್ನೇ ರೆಕಾರ್ಡ್ ಮಾಡಿ ಕಳಿಸಿದ: "ಏನ್ ಸರ, ಮುತ್ತೈದಿ ಹೆಡ್‌ಫೋನ್ ತಂದೀರಿ. ಮೊದಲ ಉಡಿ ತುಂಬೂಣು, ಆಮ್ಯಾಲೆ ಹಾಡ ಕೇಳೂಣು."

ನನಗೆ ರೇಗಿತು. ಸದ್ದೇ ದೇವರು ಎನ್ನುವ ಈ ಜನ ಸದ್ದು ಕೇಳುವ ಮೊದಲೇ ತೀರ್ಪು ಕೊಟ್ಟಿದ್ದರು. ಬ್ಲೈಂಡ್ ಟೆಸ್ಟ್ ಮಾಡುವುದೆಂದು ನಿರ್ಧರಿಸಿದೆ. ಕೇಳುವವರ ಕಣ್ಣು ಕಟ್ಟಿ, ಯಾವುದು ಯಾವುದೆಂದು ಹೇಳದೆ, ಎರಡರಲ್ಲೂ ಒಂದೇ ಸಂಗೀತ ಕೇಳಿಸಿ ಅಭಿಪ್ರಾಯ ಪಡೆಯುವ ವಿಧಾನ ಅದು. ಎರಡರ ಸದ್ದನ್ನೂ ಲ್ಯಾಬಿನಲ್ಲಿ ಅಳೆದಿದ್ದೆ. ಗ್ರಾಫಿನ ಗೆರೆಗಳು ಒಂದರ ಮೇಲೊಂದು ಕೂತಿದ್ದವು.

ಜಮಖಂಡಿಯ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಬೇಸಿಗೆಯೋ ದಸರೆಯ ಹೊತ್ತೋ, ಈಗ ಹೇಳಲಾರೆ. ಸದ್ದಾಗಬಾರದೆಂದು ಫ್ಯಾನ್ ಆರಿಸಿದ್ದೆ ಎಂಬುದು ಮಾತ್ರ ಖಚಿತ. ಮುಂದಿನದಕ್ಕೆಲ್ಲ ಅದೇ ಕಾರಣ. ಸುಧಾ ಗೋಡೆಗೆ ಆತು ನಿಂತಿದ್ದಳು. ಇರ್ಫಾನನ ಕಣ್ಣಿಗೆ ಟವೆಲ್ ಕಟ್ಟಿ, ಕೈ ಮೊಣಕಾಲ ಮೇಲೆ ಇಡಿಸಿ, ಮೊದಲು ಕಪ್ಪನ್ನು ತೊಡಿಸಿದೆ. ತಬಲಾ ಜೋಡಿಯ ಎಡಗೈ ವಾದ್ಯ ಬಾಯಾದ ಬಗ್ಗೆ ಉದ್ದಕ್ಕೆ ಮಾತಾಡಿದ. ಆಮೇಲೆ ಎರಡನೆಯದು. ಪ್ಯಾಡಿನ ಅಂಚು ತಾಗಿದ ಬೆವೆತ ಕೆನ್ನೆ ಅಲ್ಲಾಡಿತು. "ಇದು ಮುತ್ತೈದಿ" ಎಂದ. ಕೋಣೆಯೆಲ್ಲ ನಕ್ಕಿತು.

ನೇಯ್ಗೆಯ ಊರುಗಳ ಜನರ ಕಣ್ಣು ಕಟ್ಟಿ, ಬಟ್ಟೆಯ ಗುರುತು ಹಿಡಿಯುವ ಅವರ ಚರ್ಮವನ್ನು ಬಿಟ್ಟುಬಿಟ್ಟಿದ್ದೆ. ಸರಿ, ಎರಡಕ್ಕೂ ತೆಳು ಹತ್ತಿಯ ಬಟ್ಟೆ ಹೊದಿಸಿ ಶಿವಪ್ಪ ಕಾಕಾನನ್ನು ಕೂರಿಸಿದೆ. ಹಾಡು ಶುರುವಾಯಿತು. ಈ ಮಲ್‌ಮಲ್ ಬಟ್ಟೆ ಯಾವ ಮಿಲ್ಲಿನದು, ಎಷ್ಟನೆಯ ನಂಬರಿನ ನೂಲು ಎಂದು ಅವರು ಕೇಳಿದರು. ಸದ್ದಿನ ಬಗ್ಗೆ ಹೇಳಿರೆಂದು ಬೇಡಿಕೊಂಡೆ. ಎರಡನೆಯದನ್ನು ತೊಡಿಸಿದಾಗ ತಲೆಯನ್ನು ಎಡಕ್ಕೆ ಬಲಕ್ಕೆ ಹೊರಳಿಸಿದರು. ಕೊನೆಗೂ ಕೇಳುತ್ತಿದ್ದಾರೆ ಎಂದುಕೊಂಡೆ.

"ತಂಗಿ," ಎಂದರು, ಸುಧಾ ಎಲ್ಲಿ ನಿಂತಿದ್ದಾಳೆಂದು ಕಾಣದೆ ಗೋಡೆಯ ಕಡೆ ಮುಖ ಮಾಡಿ. "ನಿಮ್ಮಪ್ಪ ಛಲೋ ನೇಯ್ದಾನ. ಗಂಜಿ ಭಾಳ ಕುಡಿಸೀರಿ. ಬೆವರಿಗೆ ಚುಚ್ಚಾಕತ್ತೈತಿ."

ಫೋಟೋದಲ್ಲಿ ಬಟ್ಟೆ ಖಡಕ್ಕಾಗಿ ಕಾಣಲೆಂದು ಮನೆಯಲ್ಲಿ ಒಂದು ಸಲ ಹೆಚ್ಚು ಗಂಜಿ ಹಾಕಿದ್ದರಂತೆ. ಸುಧಾ ಅದನ್ನು ಒಪ್ಪಿಕೊಂಡಳು. ಅವಳ ಮುಖದಲ್ಲಿ ಆಸೆ ಮೂಡಿತ್ತು: ಅಂದು ಮೊದಲ ಬಾರಿಗೆ ಯಾರೋ ನಗದೆ ಬಟ್ಟೆಯನ್ನು ಬಟ್ಟೆಯಾಗಿ ನೋಡಿದ್ದರು. ನೋಡಿದ್ದರು ಎಂದು ಬರೆದೆ. ಟವೆಲ್ ಇನ್ನೂ ಅವರ ಕಣ್ಣ ಮೇಲಿತ್ತು.

"ಗಂಜಿ ತಗದ್ರ ಹಾಕ್ಕೋತೀರೇನ, ಕಾಕಾ?" ಎಂದು ಕೇಳಿದಳು.

"ಮನ್ಯಾಗ ಹಾಕ್ಕೋತೀನಿ."

"ಓಣ್ಯಾಗ?"

ಕಾಕಾ ಟವೆಲ್ ಬಿಚ್ಚಿದರು. ಹೆಡ್‌ಫೋನ್ ಕೈಗೆ ತೆಗೆದುಕೊಂಡು, ಹತ್ತಿಯ ಬಟ್ಟೆ ಸರಿಸಿ, ಖಣದ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು.

"ಇಲ್ಲವಾ. ಓಣ್ಯಾಗ ಆಗೂದಿಲ್ಲ."

ಇರ್ಫಾನ್ ಕೂಡ ನಗಲಿಲ್ಲ.

ಫ್ಯಾಷನ್ ಹೆಡ್‌ಫೋನ್ ಇರುವುದೇ ಓಣಿಯಲ್ಲಿ ಹಾಕಿಕೊಳ್ಳಲು. ನಡೆದದ್ದನ್ನು ನಡೆದಂತೆ ಕಂಪನಿಗೆ ತಿಳಿಸಿದೆ. ಖಣದ ಹೆಡ್‌ಫೋನಿನ ಸದ್ದಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಹೀಗಾಗಿ ಪರೀಕ್ಷೆಯೇ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಮಾಡೋಣ ಎಂದು ವಾದಿಸಿದೆ. ಅವರಿಗೆ ಓಣಿಯ ಮಾತೊಂದೇ ಸಾಕಾಯಿತು. ಕಪ್ಪು ಮಾರುಕಟ್ಟೆಗೆ ಬಂತು, ಪರವಾಗಿಲ್ಲ ಎನ್ನುವಷ್ಟು ಮಾರಾಟವಾಯಿತು. ಸುಧಾಳ ಅಪ್ಪ ಕೈಮಗ್ಗವನ್ನು ಮತ್ತೆ ಅಟ್ಟಕ್ಕೇರಿಸಿ ಪವರ್‌ಲೂಮಿಗೆ ಮರಳಿದರು. ಸುಧಾ ಈಗಲೂ ಅದೇ ಕಂಪನಿಯಲ್ಲಿ ಚಾರ್ಜರಿನ ಡಬ್ಬಿಗಳನ್ನು ಚೆಂದ ಮಾಡುತ್ತಿದ್ದಾಳೆ.

ಹೋದ ವರ್ಷ ಬನಹಟ್ಟಿಯಲ್ಲಿ ಶಿವಪ್ಪ ಕಾಕಾನ ಮನೆಗೆ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ಆಂಪ್ಲಿಫೈಯರಿನ ವಾಲ್ವ್‌ಗಳು ಕೆಂಪಗೆ ಉರಿಯುತ್ತಿದ್ದವು. ಕಾಕಾ ಕಣ್ಣು ಮುಚ್ಚಿ ಕೂತಿದ್ದರು, ತಲೆಯ ಮೇಲೆ ಖಣದ ಹೆಡ್‌ಫೋನ್. ಗಂಜಿ ಹೋಗುವ ತನಕ ಒದ್ದೆ ಬಟ್ಟೆಯಿಂದ ಒರೆಸಿ ಸುಧಾಳೇ ಕೊಟ್ಟಳಂತೆ. ನನ್ನ ನೆರಳು ಮುಖದ ಮೇಲೆ ಬಿದ್ದಿತೇನೋ, ತಟ್ಟನೆ ಕಳಚಿ ಪಕ್ಕದಲ್ಲಿಟ್ಟು ಅದರ ಮೇಲೆ ಟವೆಲ್ ಎಸೆದರು. ಅಂದಿನ ಪರೀಕ್ಷೆಯ ಟವೆಲ್ಲೇ ಅದು ಎಂದು ನನ್ನ ನೆನಪು ಸೇರಿಸಲು ನೋಡುತ್ತದೆ. ಅಲ್ಲ, ಅದು ನಮ್ಮ ಮನೆಯದು, ಇದು ಅವರದು.

ಸದ್ದು ಹೇಗಿದೆ ಎಂದು ಕೇಳಿದೆ. ನನಗೆ ಬೇಕಾದದ್ದು ಅದೊಂದೇ ಉತ್ತರ.

"ಯಾವುದರದು?" ಎಂದು ಅವರು ಚಹಾ ತರಲು ಕೂಗಿದರು.

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಕೇಳುವವನ ಕಣ್ಣನ್ನು ಕಟ್ಟಬಹುದು, ಬಟ್ಟೆ ಹೊದಿಸಿ ಕೆನ್ನೆಯನ್ನೂ ಒಂದಿಷ್ಟು ಮರೆಸಬಹುದು. ಓಣಿಯ ಕಣ್ಣು ಕಟ್ಟುವ ಟವೆಲ್ ನನ್ನ ಲ್ಯಾಬಿನಲ್ಲಿ ಇರಲಿಲ್ಲ.