ನರ್ಸಮ್ಮನ ದ್ರಾಕ್ಷಿ ಭರಣಿ

ಲೋಟ ಮೂಗಿನ ಹತ್ತಿರ ತಂದಾಗ ಬಂದದ್ದು ಲವಂಗದ ವಾಸನೆ. ಸಾಗರದ ನನ್ನ ಗೆಳತಿ ಆಸ್ಟ್ರೇಲಿಯಾದ ಕೆಂಪು ವೈನಿನ ಬಾಟಲಿಯೊಂದನ್ನು ನೆಲಮಾಳಿಗೆಯ ಕತ್ತಲಲ್ಲಿ ಹನ್ನೆರಡು ವರ್ಷ ಮಲಗಿಸಿಟ್ಟಿದ್ದಳು. ಎರಡು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿದ್ದಂತೆ. ಕಳೆದ ಭಾನುವಾರ ಮಧ್ಯಾಹ್ನ ನಾವು ನಾಲ್ವರು ನಿವೃತ್ತ ಹೆಂಗಸರು ಸೇರಿ ಅದನ್ನು ತೆರೆದೆವು. "ಗಟಗಟ ಕುಡಿಬೇಡ್ರೇ, ಇದೇನು ಮಜ್ಜಿಗೆ ಅಲ್ಲ. ಮೊದ್ಲು ಮೂಸಿ ನೋಡಿ" ಎಂದಳು ಗೆಳತಿ. ಮೂಸಿದೆ. ಜೋಗದ ಕಾಲೊನಿ ಕಣ್ಣೆದುರು ಬಂತು...

ಮದುವೆಯಾದ ಹೊಸತರಲ್ಲಿ ನಾವು ಅಲ್ಲಿದ್ದೆವು. ಪಕ್ಕದ ಕ್ವಾರ್ಟರ್ಸಿನಲ್ಲಿದ್ದವರು ಆಸ್ಪತ್ರೆಯ ನರ್ಸಮ್ಮ, ಮಂಗಳೂರು ಕಡೆಯವರು. ಪ್ರತಿ ಕ್ರಿಸ್‌ಮಸ್ಸಿಗೆ ಅವರು ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ ಹಾಕಿ ಉಪ್ಪಿನಕಾಯಿ ಭರಣಿಯಲ್ಲಿ ವೈನ್ ಇಡುತ್ತಿದ್ದರು. ಹಬ್ಬದ ಮಧ್ಯಾಹ್ನದವರೆಗೆ ತಾವೂ ರುಚಿ ನೋಡುತ್ತಿರಲಿಲ್ಲ. ಆ ಒಂದು ಗುಟುಕಿಗಾಗಿ ಇಡೀ ಕಾಲೊನಿ ಕಾಯುತ್ತಿತ್ತು. ಅವರಿಗೆ ತಮ್ಮ ಕೈರುಚಿಯ ಬಗ್ಗೆ ಜಂಬವೂ ಇತ್ತು, ಇರಬೇಕಾದದ್ದೇ.

ಒಂದು ವರ್ಷ ತಾಯಿಗೆ ಹುಷಾರಿಲ್ಲವೆಂದು ಅವರು ಹತ್ತು ದಿನ ಊರಿಗೆ ಹೋಗಬೇಕಾಯಿತು. "ದಿನಕ್ಕೊಮ್ಮೆ ಮರದ ಸೌಟಲ್ಲಿ ತಿರುಗಿಸು ಮಾರಾಯ್ತಿ. ಬೇರೆ ಎಂತದೂ ಮಾಡ್ಬೇಡ" ಎಂದು ಭರಣಿಯನ್ನು ನನಗೆ ಒಪ್ಪಿಸಿದರು.

ಮೂರನೇ ದಿನ ನೊರೆ ಎದ್ದಿತು. ಕಿವಿಗೊಟ್ಟರೆ ಸುಂಯ್ ಎನ್ನುತ್ತಿತ್ತು. ನನ್ನ ತವರಿನಲ್ಲಿ ಮುರುಗಲು ಹಣ್ಣಿನ ರಸದಲ್ಲಿ ನೊರೆ ಕಂಡರೆ ಅದು ಕೆಡುತ್ತಿದೆ ಎಂದೇ ಅರ್ಥ. ಕೂಡಲೇ ಒಂದು ಕುದಿ ಕುದಿಸಿಡುವುದು ರೂಢಿ. ನಾನೂ ದೊಡ್ಡ ಪಾತ್ರೆಗೆ ಸುರಿದು ಕುದಿಸಿದೆ, ಆರಿಸಿ ಮತ್ತೆ ಭರಣಿಗೆ ತುಂಬಿದೆ. ನೊರೆ ನಿಂತಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಅವರು ಹಿಂದಿರುಗಿದಾಗ ಮಾತ್ರ, ಬೇರೇನೂ ಮಾಡಬೇಡ ಎಂದಿದ್ದು ನೆನಪಾಗಿ ಬಾಯಿ ಬಿಡಲಿಲ್ಲ.

ಹಬ್ಬದ ದಿನ ಎಲ್ಲರೂ ಸೇರಿದ್ದರು. ನರ್ಸಮ್ಮ ಮೊದಲ ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಒಮ್ಮೆ ನನ್ನತ್ತ ನೋಡಿದರು. ಆಮೇಲೆ, "ಈ ಸಲ ನನ್ನ ಕೈ ತಪ್ಪಿತು. ಇದು ಬರೀ ಶರಬತ್ತು, ಮಕ್ಕಳಿಗೂ ಕೊಡಿ" ಎಂದರು. ರಸವನ್ನು ವೈನ್ ಮಾಡುವುದೇ ಆ ನೊರೆ, ಕುದಿಸಿ ನಾನೇ ಅದನ್ನು ನಿಲ್ಲಿಸಿದ್ದೆ ಎಂದು ನನಗೆ ಆಗ ಹೊಳೆಯಿತು. ನರ್ಸಮ್ಮನಿಗೆ ವಯಸ್ಸಾಯಿತೆಂದು ಯಾರೋ ರೇಗಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು. ಎಲ್ಲ ಗೊತ್ತಿದ್ದೂ ನನ್ನ ಮಾನ ಉಳಿಸಿದರು ಎಂದು ನಾನು ನಂಬಿಕೊಂಡೆ. ಹಾಗೆ ನಂಬುವುದು ಸುಲಭವಾಗಿತ್ತು. ವರ್ಷಕ್ಕೊಂದು ಕಾರ್ಡ್ ಹಾಕುತ್ತಿದ್ದೆ. ಊರಿನ ಸುದ್ದಿಯೆಲ್ಲ ಬರೆದೆ, ಕುದಿಸಿದ್ದೊಂದನ್ನು ಬಿಟ್ಟು.

ಹೋದ ವರ್ಷ ಅವರ ಮಗಳು ಫೋನ್ ಮಾಡಿ, ಅಮ್ಮ ತೀರಿಕೊಂಡರು ಎಂದಳು. ಮಾತಿನ ನಡುವೆ ನಾನು ವೈನಿನ ಸುದ್ದಿ ಎತ್ತಿದೆ. "ಜೋಗ ಬಿಟ್ಟ ಮೇಲೆ ಅಮ್ಮ ಮಾಡ್ಲೇ ಇಲ್ಲ ಆಂಟಿ. ಎಲ್ಲಿ ತಪ್ಪಿತು ಅಂತ ಕಡೇವರೆಗೂ ಯೋಚ್ನೆ ಮಾಡ್ತಿದ್ರು" ಎಂದಳು. ಅವರಿಗೆ ಗೊತ್ತೇ ಇರಲಿಲ್ಲ... ಆಗಲೂ ನಾನು ಹೇಳಲಿಲ್ಲ.

ಭಾನುವಾರ ನಾನು ಒಂದು ಗುಟುಕು ಕುಡಿದ ಮೇಲೆ, ವೈನ್ ಹೇಗಿದೆ ಎಂದು ಗೆಳತಿ ಕೇಳಿದಳು. ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು, ಆದರೆ ಎರಡನೇ ಗುಟುಕು ಕುಡಿಯದೆ ಲೋಟ ಕೆಳಗಿಟ್ಟೆ. ಅಷ್ಟು ಕಾರ್ಡುಗಳಲ್ಲಿ ಒಂದರಲ್ಲಾದರೂ ಒಂದು ಸಾಲು ಬರೆದಿದ್ದರೆ, ಮರುವರ್ಷ ಅವರು ಮತ್ತೆ ವೈನಿಗೆಂದು ಭರಣಿ ತೊಳೆದು ಬಿಸಿಲಿಗೆ ಇಡುತ್ತಿದ್ದರು.