ಕುಂಕುಮ ಹಚ್ಚಿಸಿಕೊಂಡ ಕಾದಂಬರಿ

ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ ಬೆಳಗಾವಿಯ ನಮ್ಮ ಕಾನ್ವೆಂಟಿನ ಲೈಬ್ರರಿ ಎಂದರೆ ಒಂದೇ ಒಂದು ಕಪಾಟು. ಅದರ ಕೀಲಿ ಒಬ್ಬ ಸಿಸ್ಟರ್ ಸೊಂಟದಲ್ಲಿ. ಪುಸ್ತಕದ ಮೇಲೆ ಕಲೆ ಬಿದ್ದರೆ ಕ್ರಿಸ್‌ಮಸ್‌ವರೆಗೆ ಬೇರೆ ಪುಸ್ತಕವಿಲ್ಲ, ನೋ ಆರ್ಗ್ಯುಮೆಂಟ್. ಊಟ ಬಿಡು ಎಂದಿದ್ದರೆ ಬಿಡುತ್ತಿದ್ದೆ. ಓದು ಬಿಡುವುದು ನನ್ನಿಂದ ಆಗದ ಮಾತು.

ನನಗಾಗ ಹದಿಮೂರು. ಬೇಸಿಗೆ ರಜೆಗೆ ಒಂದು ಇಂಗ್ಲಿಷ್ ಕಾದಂಬರಿ ಎತ್ತಿಕೊಂಡು ಖಾನಾಪುರಕ್ಕೆ, ಅಜ್ಜಿಯ ಮನೆಗೆ ಹೋದೆ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಗೆ ಓದಲು ಬರುತ್ತಿರಲಿಲ್ಲ. ಆದರೆ ನಮ್ಮ ಜೈನರ ಮನೆಗಳಲ್ಲಿ ಶ್ರುತಪಂಚಮಿ ಎಂದರೆ ಪುಸ್ತಕಗಳ ಹಬ್ಬ: ಅವನ್ನು ಬಿಸಿಲಿಗಿಟ್ಟು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡುತ್ತಾರೆ. ಆ ವರ್ಷದ ಹಬ್ಬದ ಮುಂಜಾನೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಶಾಸ್ತ್ರಗ್ರಂಥಗಳ ಸಾಲಿನಲ್ಲಿ ನನ್ನ ಕಾದಂಬರಿಯೂ ಕುಳಿತಿತ್ತು. ರಟ್ಟಿನ ನಡುಮಧ್ಯೆ ಒದ್ದೆ ಗಂಧ, ಅದರ ಮೇಲೆ ದುಂಡನೆಯ ಕುಂಕುಮ.

“ಆಯೀ! ಏನ್ ಮಾಡಿದಿ ಇದು! ಸಿಸ್ಟರ್ ನನ್ನ ಕೊಲ್ತಾರ!”

“ಯಾಕ ಒದರ್ತಿ? ಪುಸ್ತಕ ಅಲ್ಲೇನ ಅದು?”

“ಶಾಸ್ತ್ರ ಅಲ್ಲ ಅದು, ಬರೇ ಕತಿ!”

“ಏನೈತಿ ಅದರಾಗ?”

ಅಳುತ್ತಲೇ ಹೇಳಿದೆ: “ಒಬ್ಬಾಕಿ ಹುಡುಗಿ. ಅಪ್ಪ ಲಗ್ನ ಗೊತ್ತು ಮಾಡಿದ್ರ ಒಲ್ಲೆ ಅಂತಾಳ.”

ಒಂಬತ್ತಕ್ಕೇ ಮದುವೆಯಾಗಿ ಆ ಮನೆಗೆ ಬಂದಿದ್ದ ಆಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅಪ್ಪನ ಎದುರಿಗೇ? ಬಡೀಲಿಲ್ಲ ಆಕೀನ್ನ?”

“ಇಲ್ಲ.”

“ಹಂಗಾದ್ರ ತಡಿ, ಇನ್ನೊಂದ್ ಚೂರು ಕುಂಕುಮ ಹಚ್ಚೂಣು,” ಎಂದವಳು ಹಚ್ಚಿಯೇ ಬಿಟ್ಟಳು!

ಆ ಪುಸ್ತಕವನ್ನು ನಾನು ಎರಡು ಸಲ ಓದಿ ಮುಗಿಸಿದ್ದೆ. ಅದರೊಳಗಿನ ‘ಒಲ್ಲೆ’ ಎಷ್ಟು ದೊಡ್ಡದೆಂದು ತಿಳಿದದ್ದು ಮಾತ್ರ ಆಗ, ಓದು ಬಾರದವಳ ಬೆರಳಿನಿಂದ.

ಶಾಲೆ ತೆರೆದ ದಿನ ಸಿಸ್ಟರ್ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಹೂ ಡಿಡ್ ದಿಸ್?” ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಪುಸ್ತಕವನ್ನು ಮೂಗಿನ ಹತ್ತಿರ ತಂದು ಗಂಧದ ವಾಸನೆ ನೋಡಿದರು.

“ಇಂಕ್ ಐ ಹ್ಯಾವ್ ಸೀನ್. ಜ್ಯಾಮ್ ಐ ಹ್ಯಾವ್ ಸೀನ್,” ಎಂದರು. “ದಿಸ್, ನೆವರ್.”

ಆದರೂ ರೂಲ್ ರೂಲೇ. ಕ್ರಿಸ್‌ಮಸ್‌ವರೆಗೆ ಆ ಕಪಾಟಿನ ಗಾಜಿಗೆ ಮೂಗು ಒತ್ತಿಕೊಂಡು ಬರೀ ಹೆಸರುಗಳನ್ನು ಓದಿದೆ.

ಮುಂದಿನ ಬೇಸಿಗೆ ರಜೆಗೆ ಮಾತ್ರ ಅವರೇ ನನ್ನನ್ನು ಕರೆದು, ಕಾಗದ ಹೊದಿಸಿದ ಪುಸ್ತಕವೊಂದನ್ನು ಕೈಗಿಟ್ಟರು. “ಫಾರ್ ಯುವರ್ ಗ್ರ್ಯಾನಿ. ಓನ್ಲಿ ಫ್ಲವರ್ಸ್, ಪ್ಲೀಸ್.”

ಖಾನಾಪುರಕ್ಕೆ ಹೋಗಿ ಆಯಿಗೆ ಅದನ್ನು ಹಾಗೇ ಹೇಳಿದೆ. ಆಯಿ ನಕ್ಕಳು. “ಹೂವೇ ಇಡ್ತೀನಿ ತಗೋ. ಮೊದಲ ಹೇಳು, ಈಕಿ ಏನ್ ಒಲ್ಲೆ ಅಂತಾಳ?”