ಮಾವನ ಬಾಯಿಪ್ರಾರ್ಥನೆ

ಮನೆಗೊಂದೇ ಮೊಬೈಲು ಇದ್ದ ಕಾಲ ಅದು. ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಅಲಾರಂ ಅಲ್ಲ, ದೇವದಾನ ಮಾವನ ಕೆಮ್ಮು. ನಮ್ಮದು ಗದಗ ಕಡೆಯಿಂದ ಬಂದ ಕ್ರೈಸ್ತ ಕುಟುಂಬ. ಅಪ್ಪ ನಾಶಿಕದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವ್ವನ ತಮ್ಮನಾದ ಮಾವ ನಮ್ಮ ಜೊತೆಯೇ ಇದ್ದ. ದಿನಾ ಪ್ರಾರ್ಥಿಸುವುದನ್ನು ನನಗೆ ಕಲಿಸಿದವನು ಅವನೇ.

ಚಳಿಗೆ ನೆಲದ ಫರಸಿಕಲ್ಲು ಕಾಲಿಗೆ ಚುಚ್ಚುತ್ತಿತ್ತು. ಮಾವ ಹಳೆಯ ಕಂಬಳಿ ಮಡಚಿ ಹಾಸುತ್ತಿದ್ದ, ಇಬ್ಬರೂ ಮೊಣಕಾಲೂರುತ್ತಿದ್ದೆವು. ಒಲೆಯ ಮೇಲೆ ಶುಂಠಿ ಕುದಿಯುವ ವಾಸನೆ ಬಂದರೆ ನನ್ನ ಆಮೆನ್ ಬೇಗ ಬರುತ್ತಿತ್ತು.

“ನಿದ್ದಿ ಬರ್ತೈತಿ ಮಾವಾ, ನಾಳೆ ಮಾಡೂಣು.”

“ಹಲ್ಲೂ ನಾಳೆ ತಿಕ್ತೀಯೇನೊ? ಮನಸು ಬರೂತನಾ ಕಾಯಬಾರದು. ಮೊದಲ ಮೊಣಕಾಲು ಊರು, ಮನಸು ಹಿಂದಿಂದ ಬರ್ತೈತಿ.”

“ಏನಂತ ಹೇಳ್ಲಿ?”

“ಗೆಳೆಯಾಗ ಹೇಳಿದಂಗ ಹೇಳು. ಇಲ್ಲಿ ನಾನು, ನೀನು, ಕರ್ತನು. ನಾಕನೇದವಂಗ ಗೊತ್ತಾಗೂದಿಲ್ಲ.”

ಹೇಳಿದೆ. ಸಂಕ್ರಾಂತಿಯ ಗಾಳಿಪಟದ ಪಂದ್ಯದಲ್ಲಿ ನನ್ನ ಪತಂಗ ಉಳಿಯಲಿ, ಮಗ್ಗುಲ ಮನೆಯ ಪರಾಗನದು ಹರಿಯಲಿ ಎಂದು ಬೇಡುತ್ತಿದ್ದೆ. ಮಾವ ಕಣ್ಣು ಮುಚ್ಚಿಕೊಂಡೇ ನನ್ನ ತೊಡೆ ಚಿವುಟುತ್ತಿದ್ದ. ಒಂದು ಬೆಳಗ್ಗೆ ಹೊಟ್ಟೆಯೊಳಗಿನದೂ ಹೊರಬಂತು: ಮರಾಠಿ ಸಾಲೆಯ ಪಾಠ ತಲೆಗೆ ಹತ್ತುತ್ತಿಲ್ಲ, ಸಾಲೆ ಬಿಟ್ಟು ವೆಲ್ಡಿಂಗ್ ಕಲಿಯಬೇಕು, ಅಪ್ಪನಿಗೆ ಹೇಳುವ ಧೈರ್ಯ ಕೊಡು.

ಮಾವ ತಲೆ ಸವರಿದ. “ನೀನ ಹೇಳು ನಿಮ್ಮಪ್ಪಗ. ಅಲ್ಲೀತನಾ ನಾ ಬಾಯಿ ಬಿಡೂದಿಲ್ಲ.”

ಕನ್ನಡದ ಕ್ರೈಸ್ತ ಕುಟುಂಬಗಳು ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದವು. ಆ ವಾರ ನಮ್ಮ ಸರದಿ. ಮನೆ ತುಂಬ ಅವಲಕ್ಕಿ ಚೂಡಾದ ಒಗ್ಗರಣೆಯ ಘಮ. ಅಪ್ಪನ ಕಾರ್ಖಾನೆಯ ಸಾಹೇಬರೂ ಹೆಂಡತಿಯ ಜೊತೆ ಬಂದಿದ್ದರು. “ನಮ್ಮ ಹುಡುಗ ಇಂಜಿನಿಯರ್ ಆಗ್ತಾನ್ರಿ” ಎಂದು ಅಪ್ಪ ಅವರಿಗೆ ಆಗಷ್ಟೇ ಹೇಳಿದ್ದ. ಕಡೆಯ ಪ್ರಾರ್ಥನೆ ಮಾವನಿಗೆ ಬಂತು. ಹುರುಪು ಬಂದರೆ ಅವನ ದನಿ ಏರುತ್ತಿತ್ತು.

“ಕರ್ತನೇ, ನಮ್ಮ ಸ್ಯಾಮುವೇಲನ ಮಂದ ಬುದ್ಧಿಯನ್ನು ಬೆಳಗಿಸು. ಸಾಲೆ ಬಿಡಬೇಕೆಂದು ತಂದೆಗೆ ಮುಚ್ಚಿಟ್ಟಿರುವ ಆ ಕೆಟ್ಟ ಆಲೋಚನೆಯನ್ನು ಅವನಿಂದ ತೆಗೆದುಹಾಕು.”

ಎಲ್ಲರೂ ಆಮೆನ್ ಎಂದರು. ಅಪ್ಪ ಅನ್ನಲಿಲ್ಲ. ಚೂಡಾದ ತಾಟು ಹಿಡಿದು ನಿಂತ ನನ್ನ ಬೆನ್ನು ತಟ್ಟಿ ಸಾಹೇಬರ ಹೆಂಡತಿ, “ಎಲ್ಲಾ ಸರಿ ಆಗ್ತದಪ್ಪಾ” ಎಂದರು. ಮಾವ ಹೇಳಿದ್ದು ದೇವರಿಗೆ, ಕೇಳಿಸಿಕೊಂಡದ್ದು ಮಂದಿ.

ಅವರೆಲ್ಲ ಹೋದ ಮೇಲೆ ಕೇಳಿದೆ. “ಯಾಕ ಹೇಳಿದಿ ಮಾವಾ?”

“ಮಂದಿಗೆ ಎಲ್ಲಿ ಹೇಳೀನಪಾ? ಪ್ರಾರ್ಥನಾದಾಗ ಹೇಳೀನಿ.”

ಅದು ತಪ್ಪೆಂದು ಅವನಿಗೆ ಅನ್ನಿಸಲೇ ಇಲ್ಲ.

ಮರುದಿನವೂ ಕಂಬಳಿ ಹಾಸಿತ್ತು. ನಾನು ಹೋಗಲಿಲ್ಲ. ಅಪ್ಪ ಎಷ್ಟೋ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಸಾಲೆ ಬಿಟ್ಟೆ, ದುಡಿದೆ. ಈಗ ನಾಶಿಕದಿಂದ ದೂರದ ಚಿಕಲಠಾಣಾದಲ್ಲಿ ನನ್ನದೇ ವೆಲ್ಡಿಂಗ್ ಅಂಗಡಿ. ನಾನು ಹಾಕಿದ ಬೆಸುಗೆ ಬಿಟ್ಟಿತೆಂದು ಯಾರೂ ವಾಪಸು ಬಂದಿಲ್ಲ. ಮಂದ ಬುದ್ಧಿಯವನ ಕೆಲಸ ಅದು.

ಹೋದ ಚಳಿಗಾಲ ಮಾವ ಹಾಸಿಗೆ ಹಿಡಿದನೆಂದು ನಾಶಿಕಕ್ಕೆ ಹೋದೆ.

“ಪ್ರಾರ್ಥನಾ ಮಾಡಪಾ,” ಎಂದು ಕೈ ಹಿಡಿದ.

ಮೊಣಕಾಲೂರಿದೆ. ಆ ರೂಢಿ ಬಿಟ್ಟಿಲ್ಲ. ಅಂಗಡಿ ತೆರೆಯುವ ಮೊದಲು ದಿನಾ ಊರುತ್ತೇನೆ, ಬಾಯಿ ಮುಚ್ಚಿಕೊಂಡು. ಪತಂಗಕ್ಕೂ ಬೇಡುತ್ತಿದ್ದ ಬಾಯಿ ಆ ಕಂಬಳಿಯ ಮೇಲೇ ಉಳಿದುಹೋಯಿತು. ಮಾವನಿಗಾಗಿ ಬೇಡುವುದನ್ನೂ ಒಳಗೇ ಬೇಡಿಕೊಂಡು ಎದ್ದೆ.

ಅವನು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ.

“ಶುರು ಮಾಡಪಾ,” ಎಂದ.